ತೂಕಕ್ಕೆ ಹೋದ ಮಾತು

ಮಸ್ಕಿಯ ಒಂದು ವಾಚನಾಲಯದ ಆಡಳಿತ ಸಮಿತಿಯವರು ನನ್ನ ಸೋದರತ್ತೆ ಜೀವಮಾನವಿಡೀ ಕೂಡಿಸಿದ ನಾಣ್ಯಗಳನ್ನು ತಕ್ಕಡಿಗೆ ಹಾಕಿ ಮಾರಿದ್ದಾರೆ. ಅವರು ಕಳ್ಳರೆಂದು ನಾನು ಹೇಳುತ್ತಿಲ್ಲ. ಬಂದ ಹಣದಲ್ಲಿ ಯಾರೂ ಒಂದು ಕಪ್ ಚಹಾ ಕೂಡ ಕುಡಿದಿಲ್ಲ. ಸೋರುತ್ತಿದ್ದ ಮಾಳಿಗೆಯ ಮೇಲೆ ಹೊಸ ತಗಡು ಬಿದ್ದಿದೆ, ಓದುವ ಮೇಜಿನ ಮೇಲೆ ಈಗ ಮಳೆಹನಿ ತೊಟ್ಟಿಕ್ಕುವುದಿಲ್ಲ. ಕದ್ದಿದ್ದರೆ ಠಾಣೆಗೆ ಹೋಗಿ ದೂರು ಕೊಟ್ಟು ಸುಮ್ಮನಾಗಬಹುದಿತ್ತು. ಇವರು ಮಾಡಿದ್ದು ಅದಕ್ಕಿಂತ ಭಾರವಾದ ಕೆಲಸ. ಒಂದು ವಸ್ತುವಿನ ಬೆಲೆಯೆಂದರೆ ಅದರ ತೂಕವೆಂದು ಸಭೆ ಸೇರಿ, ಕೈಯೆತ್ತಿ, ಸರ್ವಾನುಮತದಿಂದ ತೀರ್ಮಾನಿಸಿದ್ದಾರೆ. ಆ ತೀರ್ಮಾನಕ್ಕೆ ಉತ್ತರ ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆದರೆ ಮಾರಿದ್ದು ಏನೆಂದು ತಿಳಿಯಬೇಕಾದರೆ, ಅದನ್ನು ಕೊಂಡದ್ದು ಹೇಗೆಂದು ಮೊದಲು ತಿಳಿಯಬೇಕು. ಸಮಿತಿಯವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ಈ ಬರಹದ ಬಹುಭಾಗ ಅವರನ್ನು ಕುರಿತದ್ದಲ್ಲ.

ಅತ್ತೆ ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಊರಿಗೆಲ್ಲ ಅವರು ಅಕ್ಕೋರೇ. ಎಂಬತ್ತರ ದಶಕದ ನಡುವಿನಲ್ಲಿ, ಲೆಕ್ಕದ ವಿಷಯದಲ್ಲಿ ನಾನು ಮುಗ್ಗರಿಸಿದ ಮೇಲೆ, ಅಪ್ಪ ನನ್ನನ್ನು ನಮ್ಮೂರು ಸಾಲಗುಂದದಿಂದ ಕರೆತಂದು ತಮ್ಮ ಈ ಅಕ್ಕನ ಮನೆಯಲ್ಲಿ ಬಿಟ್ಟರು. ವಿಶ್ವವಿದ್ಯಾಲಯಕ್ಕೆ ಹೋಗುವವರೆಗೂ ಅದೇ ನನ್ನ ಮನೆಯಾಯಿತು. ಒಂಟಿ ಹೆಂಗಸು, ಎರಡು ಕೋಣೆ, ಪಡಸಾಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಜೊತೆಯ ಅಕ್ಕೋರುಗಳು ಸಂಬಳದಲ್ಲಿ ಬಳೆ ಮಾಡಿಸಿಕೊಳ್ಳುತ್ತಿದ್ದರೆ ಅತ್ತೆ ಹಳೆಯ ನಾಣ್ಯ ಕೊಳ್ಳುತ್ತಿದ್ದರು.

ಎಲ್ಲವೂ ಒಂದು ಶಬ್ದದಿಂದ ಶುರುವಾಯಿತೆಂದು ಅವರು ಹೇಳುತ್ತಿದ್ದರು. ನಿಜಾಮರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಎರಡು ಬಗೆಯ ರೂಪಾಯಿ ಓಡಾಡುತ್ತಿದ್ದವು. ಬ್ರಿಟಿಷರದು ಕಲದಾರ, ಹೈದರಾಬಾದಿನದು ಹಾಲಿ. ಹಾಲಿಯಲ್ಲಿ ಬೆಳ್ಳಿ ಸ್ವಲ್ಪ ಕಡಿಮೆ, ಹಾಗಾಗಿ ಕಲದಾರಕ್ಕೆ ಬದಲಿಸುವಾಗ ಮೇಲೊಂದಿಷ್ಟು ಸೇರಿಸಿ ಕೊಡಬೇಕಿತ್ತು. ಹಾಲಿಯೆಂದರೆ ಈಗ ನಡೆಯುತ್ತಿರುವುದು ಎಂದರ್ಥ. ಆ ರೂಪಾಯಿಯ ಚಲಾವಣೆ ನಿಂತು ದಶಕಗಳು ಕಳೆದರೂ ನಮ್ಮ ಕಡೆಯ ಮುದುಕಿಯರ ಬಾಯಲ್ಲಿ ಅದು ಇಂದಿಗೂ ಹಾಲಿಯೇ. ಸತ್ತ ನಾಣ್ಯವನ್ನು ಜೀವಂತ ಹೆಸರಿನಿಂದ ಕರೆಯುವ ಈ ಜನಕ್ಕೆ ಆ ನಾಣ್ಯದ ಬೆಲೆ ಹೇಳುವವರು ಯಾರು ಎಂಬ ಪ್ರಶ್ನೆ ಗಣಿತದ ಅಕ್ಕೋರನ್ನು ಹಿಡಿದುಕೊಂಡಿತು.

ಬೆಲೆ ಹೇಳುವವರು ಸಿಂಧನೂರಿನಲ್ಲಿದ್ದರು. ಕಾಲುವೆ ನೀರು ಬಂದು, ಭತ್ತ ಬಂದು, ರೊಕ್ಕ ಬಂದ ಮೇಲೆ ಆ ಸೀಮೆಯ ಹೆಂಗಸರ ಕೊರಳು ಬದಲಾಗಿತ್ತು. ಅಜ್ಜಿಯ ಬೆಳ್ಳಿ ಸಾಕು, ಬಂಗಾರ ಬೇಕು. ಸೊಂಟದ ಡಾಬು, ಕಾಲ್ಗಡಗ, ರೂಪಾಯಿ ಪೋಣಿಸಿದ ಸರ, ಎಲ್ಲವೂ ಸಿಂಧನೂರಿನ ಬಜಾರಿಗೆ ಬಂದು ಮೂಸೆಯಲ್ಲಿ ಕರಗುತ್ತಿದ್ದವು. ಅಲ್ಲಿ ಹಳೆಬೆಳ್ಳಿ ಕೊಳ್ಳುವ ಒಬ್ಬ ಸಾಹೇಬರ ಅಂಗಡಿ ಇತ್ತು. ಬಿಳಿ ಗಡ್ಡ, ದಪ್ಪ ಕನ್ನಡಕ, ಮನೆಯಲ್ಲಿ ದಖನಿ ಉರ್ದು, ಗಲ್ಲೆಯ ಮೇಲೆ ಕನ್ನಡ. ಅವರ ತಕ್ಕಡಿಗೆ ಹಾಲಿಯೂ ಒಂದೇ, ಮುರಿದ ಬಟ್ಟಲೂ ಒಂದೇ: ತೂಕ ಇಷ್ಟು, ಕಲಬೆರಕೆ ಇಷ್ಟು, ಕಳೆದು ಉಳಿದದ್ದು ಬೆಲೆ. ಅವರು ಮೋಸಗಾರರಾಗಿರಲಿಲ್ಲ. ಬೆಳ್ಳಿಗೆ ಬೆಳ್ಳಿಯ ಬೆಲೆಯನ್ನು ಸರಿಯಾಗಿಯೇ ಕೊಡುತ್ತಿದ್ದರು.

ಒಂದು ದಿನ, ನಾನೂ ಜೊತೆಗಿದ್ದಾಗ, ಅತ್ತೆ ಅವರ ಡಬ್ಬಿಯಿಂದ ಒಂದು ರೂಪಾಯಿ ಆರಿಸಿದರು. ಚಾರ್‌ಮಿನಾರ್ ಚಿತ್ರದ ಯಂತ್ರದ ರೂಪಾಯಿ ಅದಲ್ಲ. ಅದಕ್ಕೂ ಹಿಂದಿನದು, ಕೈಯಿಂದ ಬಡಿದದ್ದು, ದಪ್ಪಗಿದ್ದು ಅಂಚು ಸೊಟ್ಟಗಿತ್ತು. ಸಾಹೇಬರು ತೂಗಿ ಬೆಲೆ ಹೇಳಿದರು. ಅದು ಕಡಿಮೆಯಾಯಿತೆಂದು ಅತ್ತೆ ಅದಕ್ಕಿಂತ ಹೆಚ್ಚು ಎಣಿಸಿ ಗಲ್ಲೆಯ ಮೇಲಿಟ್ಟರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಕೇಳಿದ್ದಕ್ಕಿಂತ ಹೆಚ್ಚಿಗಿ ಕೊಡೋರ್ನ ಈ ದುಕಾನದಾಗ ಎರಡ ಸಲ ನೋಡೀನ್ರಿ ಅಕ್ಕೋರ,” ಅಂದರು. “ಒಬ್ಬಾವ ಕುಡದಿದ್ದ.”

“ಇನ್ನೊಬ್ರು?”

“ಈಗ ಎದುರಿಗಿ ನಿಂತಾರ.”

ಅತ್ತೆ ನಗಲಿಲ್ಲ. ಮೇಲಿನ ಹಣ ನಿಮಗಲ್ಲ, ಈ ರೂಪಾಯಿ ತಂದು ಮಾರಿದವಳಿಗೆ, ಅವಳು ಮಾರಿದ್ದು ಬರೀ ಬೆಳ್ಳಿಯಲ್ಲ ಎಂದು ಅವಳಿಗೆ ತಿಳಿಯಬೇಕು, ಎಂದರು. ತಂದವಳು ಯಾರೋ ಏನೋ ಎಂದು ಸಾಹೇಬರು ಗೊಣಗಿದರು. ಆದರೆ ಅವರಿಗೆ ಗೊತ್ತಿಲ್ಲದ ಮನೆಯೇ ಆ ಸೀಮೆಯಲ್ಲಿರಲಿಲ್ಲ. ಮುಂದಿನ ಸಲ ನಾವು ಹೋದಾಗ, ಕೇಳುವ ಮೊದಲೇ, ಹಣ ಮುಟ್ಟಿಸಿದ್ದನ್ನು ಹೇಳಿದರು. ತಮ್ಮ ಗಲ್ಲೆಯ ಮೇಲೆ ಗಿರಾಕಿಯೊಬ್ಬರು ಇಟ್ಟ ಹೆಚ್ಚಿನ ಹಣವನ್ನು ಹಳ್ಳಿಯೊಂದರ ಮನೆಗೆ ಒಯ್ದು ಕೊಟ್ಟುಬಂದ ಆ ಮನುಷ್ಯನ ಬಗ್ಗೆ ನನ್ನಲ್ಲಿ ಇಂದಿಗೂ ಕುಂದದ ಗೌರವವಿದೆ. ಆಮೇಲೆ ಅವರ ಅಂಗಡಿಯಲ್ಲಿ ಯಾವ ನಾಣ್ಯವೂ ಅಕ್ಕೋರ ಕಣ್ಣಿಗೆ ಬೀಳದೆ ಮೂಸೆಗೆ ಹೋಗಲಿಲ್ಲ. ಅತ್ತೆಗೆ ಓದಲು ಬಾರದ ಪಾರಸಿ ಅಕ್ಷರಗಳನ್ನು ಅವರು ಓದಿ ಹೇಳುತ್ತಿದ್ದರು. ಓದುವಾಗ ಒಂದು ಹಾಸ್ಯವೂ ಕಡ್ಡಾಯ. ನಮ್ಮ ಶಾಸಕರು ಐದು ವರ್ಷಕ್ಕೆ ಮಾಜಿಯಾಗುತ್ತಾರೆ, ಈ ರೂಪಾಯಿ ಮಾತ್ರ ಸತ್ತರೂ ಹಾಲಿ, ಎಂದು ಒಮ್ಮೆ ಹೇಳಿದ್ದು ನೆನಪಿದೆ.

ನಾಣ್ಯ ಕೊಳ್ಳುವವರು ಎಲ್ಲ ಕಡೆಯೂ ಬಳಸುವ ಒಂದು ಉಪಾಯವಿದೆ: ಮೊದಲು ಹೀಗಳೆಯುವುದು. ಸವೆದಿದೆ, ಇಂಥವು ಬೇಕಾದಷ್ಟಿವೆ, ಪಾಪ ಇಷ್ಟು ದೂರ ಬಂದಿದ್ದೀರಿ ಎಂದು ಕೊಡುತ್ತೇನೆ. ಮಾರುವವನ ಮುಖ ಬಾಡಿದ ಮೇಲೆ ಬೆಲೆ ಹೇಳುವುದು. ಲಿಂಗಸುಗೂರಿನ ಸಂತೆಯ ದಿನ ನಾಣ್ಯ ಮಾರಲು ಮನೆಗೇ ಬರುವವರೊಡನೆ ಅತ್ತೆಯ ಕ್ರಮ ಇದಕ್ಕೆ ಪೂರ್ತಿ ತಿರುಗುಮುರುಗು. ಮೊದಲು ಗುಣ ಹೇಳುತ್ತಿದ್ದರು: ಯಾವ ಕಾಲದ್ದು, ಯಾವ ಟಂಕಸಾಲೆಯದು, ಏಕೆ ಅಪರೂಪ. ಆಮೇಲೆ ದೋಷ: ಇಲ್ಲಿ ಯಾರೋ ಉಳಿಯಿಂದ ಒರೆ ನೋಡಿದ್ದಾರೆ, ಇಲ್ಲಿ ಕೊಂಡಿ ಬೆಸೆದು ಕಿತ್ತಿದ್ದಾರೆ. ಬೆಲೆ ಕೊನೆಗೆ. ಬೆಲೆ ಹೇಳಿದ ಮೇಲೆ ನಾಣ್ಯವನ್ನು ತಿರುಗಿ ಮಾರುವವರ ಕೈಗೇ ಕೊಟ್ಟು, ಒಂದು ಸಂತೆ ಬಿಟ್ಟು ಬನ್ನಿ ಎನ್ನುತ್ತಿದ್ದರು. ನಡುವಿನ ದಿನಗಳಲ್ಲಿ ಅವರು ಸಿಂಧನೂರಿಗೆ ಹೋಗಿ ಕೇಳಬಹುದು, ಮನೆಯವರೊಡನೆ ಮಾತಾಡಬಹುದು, ಮನಸ್ಸು ಬದಲಿಸಬಹುದು. ಅದೇ ದಿನ ಅತ್ತೆ ಯಾರಿಂದಲೂ ಕೊಂಡದ್ದನ್ನು ನಾನು ನೋಡಿಲ್ಲ. ಸಂತೆಗೆ ಬಂದವರಿಗೆ ಬಸ್ಸಿನ ಅವಸರವಿರುತ್ತದೆ, ಅವಸರದಲ್ಲಿ ಹೇಳಿದ ಬೆಲೆ ಬೆಲೆಯಲ್ಲ ಎಂಬುದು ಅವರ ವಾದ. ಈ ಪದ್ಧತಿಯಿಂದ ಎಷ್ಟೋ ಒಳ್ಳೆಯ ನಾಣ್ಯಗಳು ಬೇರೆಯವರ ಪಾಲಾದವು. ಅತ್ತೆ ಅವನ್ನು ನೆನೆದು ಹಲುಬಿದ್ದಿಲ್ಲ.

ವಸ್ತುವಿಗೆ ಸಲ್ಲುವುದಕ್ಕಿಂತ ಹೆಚ್ಚು ಕೊಡುವುದೂ ಅವರ ಕಣ್ಣಲ್ಲಿ ಅನ್ಯಾಯವೇ ಆಗಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಕಡೆ ಒಂದು ಸುದ್ದಿ ಹಬ್ಬಿತು: ರಾಮ ಪಟ್ಟಾಭಿಷೇಕದ ಚಿತ್ರವಿರುವ ಹಳೆಯ ನಾಣ್ಯ ಅಕ್ಕಿಕಾಳನ್ನು ಎಳೆಯುತ್ತದಂತೆ, ಎಳೆದರೆ ಅದಕ್ಕೆ ಲಕ್ಷಗಟ್ಟಲೆ ಬೆಲೆಯಂತೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಒಬ್ಬಾತ ಅಂಥದೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ದೇವಸ್ಥಾನಗಳ ಮುಂದೆ ಭಕ್ತರಿಗೆ ಮಾರುತ್ತಿದ್ದ ಹಿತ್ತಾಳೆಯ ಬಿಲ್ಲೆ ಅದು. ಅತ್ತೆ ನನ್ನಿಂದ ಒಂದು ತಟ್ಟೆ ಸಣ್ಣಕ್ಕಿ ತರಿಸಿ ಅವನ ಮುಂದಿಟ್ಟರು. ಆತ ಬಿಲ್ಲೆಯನ್ನು ಅಕ್ಕಿಯ ಮೇಲೆ ಹಿಡಿದು ಬಹಳ ಹೊತ್ತು ಕಾದ. ಅಕ್ಕಿ ಅಲುಗಲಿಲ್ಲ.

“ಬ್ಯಾರೆ ಅಕ್ಕಿ ಇದ್ರ ನೋಡ್ರಿ,” ಎಂದ.

“ರೇಷನ್ ಅಕ್ಕಿ ಐತಿ. ತರಲೇನು? ಇದಕ ಬರದಿದ್ದದ್ದು ಅದಕ ಬರತೈತೇನಪಾ?” ಅತ್ತೆ ಬಿಲ್ಲೆಯ ಗುಣ ಹೇಳಿದರು, ದೋಷ ಹೇಳಿದರು, ಹಿತ್ತಾಳೆಗೆ ಸಲ್ಲುವ ಬೆಲೆ ಹೇಳಿದರು. “ನೆಲದಾಗಿಂದ ಬಂಗಾರ ತಗಿಯೋ ಮನಷ್ಯಾ ನೀ. ಹಿತ್ತಾಳಿ ಕೈಯಾಗ ಮೋಸ ಹೋಗಬ್ಯಾಡ.”

ಆತ ಮಾರಲಿಲ್ಲ, ಬಿಲ್ಲೆಯನ್ನು ಸುತ್ತಿಕೊಂಡು ಹೋದ. ಆದರೆ ಆ ಬಿಲ್ಲೆಯನ್ನು ನಂಬಿ ಊರವರಿಂದ ಹಣ ಕೂಡಿಸುವ ಯೋಚನೆಯನ್ನು ಅಂದೇ ಕೈಬಿಟ್ಟನೆಂದು ಆಮೇಲೆ ತಿಳಿಯಿತು.

ಇತಿಹಾಸದ ವಿದ್ಯಾರ್ಥಿನಿಯಾಗಿ ವಿಶ್ವವಿದ್ಯಾಲಯದಿಂದ ರಜೆಗೆ ಬಂದಾಗ ನಾನು ಅತ್ತೆಯನ್ನೂ ಪ್ರಶ್ನಿಸದೆ ಬಿಟ್ಟಿರಲಿಲ್ಲ. ಮಸ್ಕಿಯ ಸುತ್ತ ಮಳೆ ಬಿದ್ದ ಮರುದಿನ ಹೊಲದಲ್ಲಿ ಹಳೆಯ ಮಣಿ, ಸೀಸದ ನಾಣ್ಯ, ಮಡಕೆಯ ಬೋಕಿ ಚೂರು ಮೇಲೇಳುತ್ತವೆ. ಕೊಳ್ಳುವವರಿದ್ದಾರೆಂದು ತಿಳಿದರೆ ಜನ ಅಗೆಯುತ್ತಾರೆ, ಅಗೆದರೆ ಆ ನೆಲದ ಚರಿತ್ರೆ ಹರಿದ ಪುಸ್ತಕವಾಗುತ್ತದೆ. ಈ ಪಾಪದಲ್ಲಿ ನಿನ್ನ ಪಾಲೆಷ್ಟು ಎಂದು ಊಟಕ್ಕೆ ಕುಳಿತಲ್ಲೇ ಕೇಳಿದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಕೇಳಬೇಕಾದ್ದನ್ನ ಕೇಳಿದಿ. ನಾಳಿಗಿ ಸಂತಿ ಐತಿ, ಕುಂತು ನೋಡು,” ಅಂದರು.

ಮರುದಿನ ಒಬ್ಬ ರೈತ ತಂದ ನಾಣ್ಯವನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಷರಗಳ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿತ್ತು, ಮೇಲೆ ಹಸಿರು ಕಿಲುಬು. ಅವರ ಪೆಟ್ಟಿಗೆಯಲ್ಲಿ ಅಂಥದು ಒಂದೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಅದರ ಗುಣವನ್ನು ಸಂತೋಷದಿಂದ ವಿವರಿಸಿದರು. ಆಮೇಲೆ ಕೇಳಿದರು: ಇದು ಮಣ್ಣಿನದೋ, ಮನೆಯದೋ? ಮಣ್ಣಿನದು ಎಂದ ಆತ. ಮಣ್ಣಿನದು ಎಲ್ಲರದು, ನನಗೆ ಕೊಳ್ಳುವ ಹಕ್ಕಿಲ್ಲ, ನಿನಗೆ ಮಾರುವ ಹಕ್ಕಿಲ್ಲ ಎಂದು ಹೇಳಿ, ಅದನ್ನು ಸರಕಾರಕ್ಕೆ ಒಪ್ಪಿಸುವ ಅರ್ಜಿಯನ್ನು ತಾವೇ ಬರೆದುಕೊಟ್ಟರು. ಬಯಸಿದ್ದನ್ನು ಕೈಯಲ್ಲಿ ಹಿಡಿದು ಬಿಟ್ಟುಕೊಡುವುದನ್ನು ಯಾವ ಪಾಠಪಟ್ಟಿಯೂ ನನಗೆ ಕಲಿಸಿರಲಿಲ್ಲ.

ಈಗ ಸಂತೆಕಲ್ಲೂರಿನ ಒಬ್ಬ ಹಿರಿಯ ಹೆಂಗಸಿನ, ನಾವು ಅವ್ವ ಎನ್ನುತ್ತಿದ್ದವಳ, ಮಾತಿಗೆ ಬರುತ್ತೇನೆ. ಸಮಿತಿಯವರು ಇಲ್ಲಿಂದ ಇನ್ನಷ್ಟು ಗಮನವಿಟ್ಟು ಓದಬೇಕು.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿರುವ ಸಂತೆಕಲ್ಲೂರಿನಿಂದ ಆ ಅವ್ವ ಸೀರೆಯ ಗಂಟಿನಲ್ಲಿ ಒಂದು ರೂಪಾಯಿ ಕಟ್ಟಿಕೊಂಡು ಬಂದಿದ್ದಳು. ಅವಳ ಅತ್ತೆ ಅದನ್ನು ಜೋಳ ತುಂಬಿಡುವ ಗುಮ್ಮಿಯೊಳಗೆ ಇಟ್ಟಿದ್ದಳಂತೆ, ಗುಮ್ಮಿ ಬರಿದಾಗಬಾರದೆಂದು. ಮನೆಯಲ್ಲಿ ಕಷ್ಟವೇನೂ ಇರಲಿಲ್ಲ. ಸಮಸ್ಯೆ ಬೇರೆ: ರೂಪಾಯಿ ಒಂದು, ಸೊಸೆಯರು ಇಬ್ಬರು. ತನ್ನ ನಂತರ ಅದು ಯಾರಿಗೆಂದು ಇಬ್ಬರೂ ಈಗಲೇ ಮುಖ ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಮಾರಿ, ಎರಡು ಪಾಲು ಮಾಡಿ, ಜಗಳವನ್ನು ತನ್ನ ಕಣ್ಣೆದುರೇ ಮುಗಿಸಿಬಿಡುವುದು ಅವಳ ಲೆಕ್ಕ.

ಕೈಯಿಂದ ಬಡಿದ ರೂಪಾಯಿ. ನಮ್ಮದೇ ಸೀಮೆಯ ಒಂದು ಸಣ್ಣ ಸಂಸ್ಥಾನದ ಟಂಕಸಾಲೆಯ ಗುರುತು ಅದರಲ್ಲಿ ಪೂರ್ತಿಯಾಗಿ ಮೂಡಿತ್ತು. ಬೆಳ್ಳಿ ಕಾಲಕ್ರಮದಲ್ಲಿ ತಾನಾಗಿಯೇ ಕಪ್ಪಾಗಿ, ಮಳೆಗಾಲದ ಸಂಜೆಯ ಹಾಗೆ ನೀಲಿ ಹೊಡೆಯುತ್ತಿತ್ತು. ನಾಣ್ಯ ಬಲ್ಲವರು ಬೆಲೆ ಕಟ್ಟುವುದು ಆ ಕಪ್ಪಿಗೇ. ಅದು ಯಾರೂ ಕೈಯಾಡಿಸಿಲ್ಲ ಎಂಬುದಕ್ಕೆ ಸಾಕ್ಷಿ. ಅತ್ತೆ ಗುಣ, ದೋಷ, ಬೆಲೆ ಎಲ್ಲ ಹೇಳಿ, ಮುಂದೊಂದು ದಿನ ಮಸ್ಕಿಯಲ್ಲಿ ಗಾಜಿನ ಕಪಾಟಿನಲ್ಲಿ ಇವನ್ನೆಲ್ಲ ಜನ ನೋಡುವಂತೆ ಇಡುವ ಆಸೆಯಿದೆ ಎಂದೂ ಹೇಳಿ, ಪದ್ಧತಿಯಂತೆ ರೂಪಾಯಿಯನ್ನು ತಿರುಗಿ ಕೊಟ್ಟರು.

“ಊರ ಹೆಸರಾಗ ಸಂತಿ ಇಟಗೊಂಡು ಬಂದಾಕಿಗೆ ಸಂತಿ ಬಿಟ್ಟು ಬಾ ಅಂತೀರಲ್ರೀ,” ಎಂದು ನಗುತ್ತ ಎದ್ದಳು ಅವ್ವ.

ಒಂದು ಸಂತೆ ಬಿಟ್ಟು ಬಂದಳು. ಗಂಟು ಬಿಚ್ಚಿದಾಗ ರೂಪಾಯಿ ಹೊಸ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಗಾಜಿನ ಕಪಾಟಿಗೆ ಹೋಗುವ ರೂಪಾಯಿ, ಹತ್ತು ಜನ ನೋಡುವ ರೂಪಾಯಿ, ಮಸಿ ಹಿಡಿದು ಹೋದರೆ ಮನೆಯ ಮಾನ ಉಳಿಯುತ್ತದೆಯೇ? ಮಾತು ಬಿಟ್ಟಿದ್ದ ಸೊಸೆಯರಿಬ್ಬರೂ ಆ ಒಂದು ಕೆಲಸಕ್ಕೆ ಜೊತೆಯಾಗಿ ಕುಳಿತು, ಹುಣಸೆಹಣ್ಣು ಮತ್ತು ಒಲೆಯ ಬೂದಿ ಹಾಕಿ, ದೇವರ ಸಾಮಾನು ತಿಕ್ಕುವಂತೆ ತಿಕ್ಕಿದ್ದರು. ಆ ಗುರುತು, ಆ ಅಕ್ಷರಗಳ ಅಂಚು, ಆ ಕಪ್ಪು, ಎಲ್ಲ ಮಾಯವಾಗಿತ್ತು. ನಮ್ಮ ಹೆಂಗಸರು ಗೌರವ ತೋರಿಸುವುದೇ ತಿಕ್ಕಿ ತೊಳೆದು ಎಂಬುದನ್ನು ಅಕ್ಕೋರು ಮರೆತಿದ್ದರು.

ಅತ್ತೆ ಒಳಗೆ ಹೋಗಿ ನೀರು ಕುಡಿದರು. ಹಿಂದೆಯೇ ಹೋದ ನಾನು, ಇನ್ನು ಇದಕ್ಕೆ ತೂಕದ ಬೆಲೆಯಷ್ಟೇ ಎಂದು ಪಿಸುಗುಟ್ಟಿದೆ. “ಸಂತಿ ಬಿಟ್ಟು ಬಾ ಅಂದಾಕಿ ನಾ. ತೊಳಿಬ್ಯಾಡ ಅನ್ನದಿದ್ದಾಕೀನೂ ನಾ,” ಎಂದರು. ಹೊರಗೆ ಬಂದು ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ತೊಳೆದದ್ದರಿಂದ ಬೆಲೆ ಇಳಿದಿದೆ, ಆದರೆ ಆ ಇಳಿತ ನನ್ನದು, ಹೇಳಿದ ಬೆಲೆಯನ್ನೇ ಕೊಡುತ್ತೇನೆ.

ಆಮೇಲೆ ನಡೆದಂಥ ಚೌಕಾಶಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾರುವವಳು ಬೆಲೆ ಇಳಿಸುತ್ತಿದ್ದಳು, ಕೊಳ್ಳುವವರು ಏರಿಸುತ್ತಿದ್ದರು. ತೊಳೆದವರು ನಮ್ಮ ಮನೆಯವರು, ಕಡಿಮೆ ಕೊಡಿ ಎಂದು ಅವ್ವ. ಹೇಳಿದ ಬೆಲೆ ನನ್ನ ಬಾಯಿಂದ ಬಂದದ್ದು, ನಾಣ್ಯ ಕಪ್ಪಾದರೂ ಬಿಳಿಯಾದರೂ ಅದು ಬದಲಾಗದು ಎಂದು ಅತ್ತೆ. ಕೊನೆಗೆ ಅವ್ವ ಕೈ ಅಡ್ಡ ಹಿಡಿದಳು.

“ಹಂಗಾದ್ರ ಹಿಂಗ ಮಾಡೂಣ್ರಿ ಅಕ್ಕೋರ. ರೊಕ್ಕ ನಿಮ್ಮ ಮಾತಿನಂಗ ತಗೋತೀನಿ. ನಂದೊಂದು ಮಾತು ನೀವು ತಗೋರಿ. ಕಪಾಟಿನ್ಯಾಗ ಇದನ್ನ ಮುಂದ ಇಡಬೇಕು. ನಮ್ಮ ಸೊಸ್ತೇರು ತಿಕ್ಕಿದ್ದು ಹೊಳಿಯೂದು ಕಾಣಬೇಕು. ನಾ ಮಸ್ಕಿಗೆ ಬಂದಾಗೆಲ್ಲಾ ನೋಡಿ ಹೋಗ್ತೀನಿ. ಈ ಸೀಮಿ ಬಿಟ್ಟು ಅದು ಎಲ್ಲೂ ಹೋಗಬಾರದು.”

“ಹೋಗಂಗಿಲ್ಲವ್ವಾ,” ಎಂದರು ಅತ್ತೆ.

ಅಂದಿನಿಂದ ಅತ್ತೆಯ ಪದ್ಧತಿಗೆ ಎರಡು ವಾಕ್ಯ ಸೇರಿದವು. ನಾಣ್ಯ ಹಿಂದಿರುಗಿಸುವಾಗ, ತೊಳಿಬ್ಯಾಡ್ರಿ. ಕೊಳ್ಳುವಾಗ, ಇದು ಈ ಸೀಮೆ ಬಿಟ್ಟು ಹೋಗುವುದಿಲ್ಲ. ಎರಡನೆಯದನ್ನು ಅವರು ಬೆಲೆಯ ಭಾಗವೆಂದೇ ಎಣಿಸುತ್ತಿದ್ದರು. ಅರ್ಧ ಬೆಲೆ ರೊಕ್ಕ, ಅರ್ಧ ಬೆಲೆ ಮಾತು. ಎಷ್ಟೋ ಜನ ಆ ಮಾತನ್ನು ನಂಬಿಯೇ, ಹೊರಗಿನ ವ್ಯಾಪಾರಿಗಳು ಹೆಚ್ಚು ಹಣ ತೋರಿಸಿದರೂ, ಅಕ್ಕೋರ ಬಾಗಿಲಿಗೆ ಬಂದರು.

ನಿವೃತ್ತಿಯ ನಂತರ ಅತ್ತೆ ಎಲ್ಲ ನಾಣ್ಯಗಳನ್ನೂ ಮಸ್ಕಿಯ ವಾಚನಾಲಯಕ್ಕೆ ಕೊಟ್ಟರು. ಲಿಂಗಸುಗೂರಿಗೂ ಸಿಂಧನೂರಿಗೂ ನಡುವಿನ ಊರು. ಮಾರಿದವರಲ್ಲಿ ಹೆಚ್ಚಿನವರು ಒಂದು ಬಸ್ಸಿನಲ್ಲಿ ಬಂದು ನೋಡಿ ಹೋಗಬಹುದು. ಗಾಜಿನ ಕಪಾಟನ್ನೂ ತಮ್ಮ ಖರ್ಚಿನಲ್ಲಿಯೇ ಮಾಡಿಸಿದರು. ಕೊಡುವ ದಿನ, ತುಂಬಿದ ಸಭೆಯಲ್ಲಿ, ಅರ್ಧ ಬೆಲೆಯ ಆ ಮಾತನ್ನು ವಿವರಿಸಿ, ಇನ್ನು ಮೇಲೆ ಇದನ್ನು ನೀವು ನಡೆಸಬೇಕೆಂದು ಕೇಳಿಕೊಂಡರು. ಸಮಿತಿಯ ಅಧ್ಯಕ್ಷರು ಎದ್ದು ನಿಂತು, ಅಕ್ಕೋರ ಮಾತು ನಮ್ಮ ಮಾತು ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸಂತೆಕಲ್ಲೂರಿನ ಅವ್ವ, ಕಪಾಟಿನ ನಟ್ಟನಡುವೆ ಕಪ್ಪು ನಾಣ್ಯಗಳ ಮಧ್ಯೆ ಹೊಳೆಯುತ್ತಿದ್ದ ತನ್ನ ರೂಪಾಯಿಯನ್ನು ಪಕ್ಕದವಳಿಗೆ ಬೆರಳು ಮಾಡಿ ತೋರಿಸುತ್ತಿದ್ದಳು. ಅವಳ ಎರಡೂ ಬದಿಗೆ ಇಬ್ಬರು ಸೊಸೆಯರು.

ಕೆಲವು ವರ್ಷ ಅದು ಅಲ್ಲಿ ಹೊಳೆಯಿತು. ಈಚೆಗೆ ಒಂದು ದಿನ ಅವ್ವ ಕೋಲೂರಿಕೊಂಡು ಲಿಂಗಸುಗೂರಿನ ನಮ್ಮ ಮನೆಗೆ ಬಂದಳು. ಮೊಮ್ಮಗಳಿಗೆ ತೋರಿಸಲೆಂದು ಮಸ್ಕಿಗೆ ಹೋಗಿದ್ದಳಂತೆ. ಕಪಾಟಿನಲ್ಲಿ ಆಟದ ಪಂದ್ಯಗಳಲ್ಲಿ ಗೆದ್ದ ಕಪ್‌ಗಳು, ಫಲಕಗಳಿದ್ದವಂತೆ. “ನನ್ನ ರೂಪಾಯಿ ಎಲ್ಲಿ ಹೋಗೇತ್ರಿ ಅಕ್ಕೋರ?” ಎಂದಷ್ಟೇ ಕೇಳಿದಳು. ಕೋಪವಿರಲಿಲ್ಲ. ನೆರೆಮನೆಗೆ ಹೋದ ಕೂಸನ್ನು ವಿಚಾರಿಸುವ ದನಿ ಅದು.

ಅಂದೇ ಅತ್ತೆಯೂ ನಾನೂ ಮಸ್ಕಿಗೆ ಹೋದೆವು. ಅಧ್ಯಕ್ಷರು ಆದರದಿಂದ ಬರಮಾಡಿಕೊಂಡು, ಮೊದಲು ಮಾಳಿಗೆ ತೋರಿಸಿದರು. ಮಳೆಗೆ ಪುಸ್ತಕಗಳು ತೊಯ್ದುಹೋಗುತ್ತಿದ್ದವು, ಎಲ್ಲಿಂದಲೂ ಅನುದಾನ ಬರಲಿಲ್ಲ, ಬೇರೆ ದಾರಿ ಕಾಣದೆ ಸಭೆ ಕರೆದೆವು ಎಂದರು. ಅವರ ಕಷ್ಟ ಸುಳ್ಳಲ್ಲ. ಆಮೇಲೆ ಹೆಮ್ಮೆಯಿಂದಲೇ ಸೇರಿಸಿದರು:

“ಸುಮ್ನ ಕೊಟ್ಟಿಲ್ರಿ ಅಕ್ಕೋರ. ಒಂದೊಂದ ಗ್ರಾಮ್ ಬಿಡದಂಗ ತೂಗಿಸೀವಿ. ಬೆಳ್ಳಿ ರೇಟ್ ಏರಿದ ದಿನಾ ನೋಡೇ ಮಾರೀವಿ.”

ಜೀವನವಿಡೀ ಗುಣ ಮೊದಲು, ದೋಷ ಆಮೇಲೆ, ಬೆಲೆ ಕೊನೆಗೆ ಎಂದು ನಡೆದ ಅತ್ತೆಯ ಎದುರು ಬೆಲೆಯೊಂದನ್ನೇ ಇಟ್ಟಿದ್ದರು, ಅದೂ ಲೋಹದ್ದು. ಯಾರಿಗೆ ಮಾರಿದಿರಿ ಎಂದು ನಾನು ಕೇಳಿದೆ. ಅದು ಸಮಿತಿಯ ಒಳವಿಚಾರ ಎಂಬ ಉತ್ತರ ಬಂತು.

ಉಳಿದದ್ದು, ಮಸ್ಕಿಯಿಂದ ಸಿಂಧನೂರಿಗೆ ಹೋದಾಗ, ಸಾಹೇಬರಿಂದ ತಿಳಿಯಿತು. ಸಮಿತಿಯವರು ಗಂಟು ಹೊತ್ತು ಮೊದಲು ಹೋದದ್ದು ಅವರ ಅಂಗಡಿಗೇ. ಅವರು ಗಂಟು ಬಿಚ್ಚಿ, ತಾವೇ ಓದಿಕೊಟ್ಟ ಅಕ್ಷರಗಳನ್ನು ಗುರುತಿಸಿ, ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದರಂತೆ. ಇವು ಅಕ್ಕೋರ ನಾಣ್ಯಗಳು, ತೂಕಕ್ಕೆ ಬರುವುದಿಲ್ಲ, ಮಾರುವುದೇ ಆದರೆ ಅವರನ್ನು ಕೇಳಿ ಬನ್ನಿ ಎಂದರಂತೆ. ಸಮಿತಿಯವರು ಗಂಟು ಕಟ್ಟಿಕೊಂಡು ಬೇರೆ ಊರಿನ ವ್ಯಾಪಾರಿಯಲ್ಲಿಗೆ ಹೋದರು. ನಮಗೆ ಸುದ್ದಿ ಮುಟ್ಟಿಸಲು ಸಾಹೇಬರು ಪ್ರಯತ್ನಿಸಿದ್ದರು, ಆದರೆ ಕಾಲು ಸೋತು ಅಂಗಡಿ ಬಿಟ್ಟು ಬರಲಾಗದ ಅವರು ಹೇಳಿಕಳಿಸಿದ ಮಾತು ನಮ್ಮನ್ನು ತಲಪಿರಲಿಲ್ಲ. ಅಷ್ಟು ಹಳೆಯ ಮಾಲನ್ನು ಯಾವ ವ್ಯಾಪಾರಿಯೂ ಒಮ್ಮೆಗೇ ಕರಗಿಸುವುದಿಲ್ಲ, ಇನ್ನೂ ಇರಬಹುದು, ಕೇಳಿ ನೋಡಿ ಎಂದು ಅವರು ಧೈರ್ಯ ಹೇಳಿದರು. ಈ ಬರಹ ಆ “ಇರಬಹುದು” ಎಂಬ ಒಂದೇ ಶಬ್ದದ ಮೇಲೆ ನಿಂತಿದೆ.

ಅಲ್ಲಿಂದ ಅತ್ತೆ ನೇರವಾಗಿ ಸಂತೆಕಲ್ಲೂರಿಗೆ ಹೋದರು. ಅವ್ವನ ಮನೆಯ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿ, ಮಾತು ಉಳಿಸಿಕೊಳ್ಳಲಾಗಲಿಲ್ಲ, ಅದರ ಬದಲಿಗೆ ಇಷ್ಟು ತೆಗೆದುಕೊಳ್ಳಿ ಎಂದು ಹಣದ ಲಕೋಟೆ ಮುಂದಿಟ್ಟರು. ಅವ್ವ ಅದನ್ನು ಮುಟ್ಟಲಿಲ್ಲ.

“ರೊಕ್ಕದ ಪಾಲು ನೀವು ಅವತ್ತ ಕೊಟ್ಟೀರಿ,” ಎಂದಳು. “ಉಳದಿದ್ದು ಮಾತಿನ ಪಾಲು. ಅದನ್ನ ಸಭಾದಾಗ ಎದ್ದು ನಿಂತು ಇಸಗೊಂಡೋರು ಅವರು. ಅವರ ಕಡಿಂದ ಕೊಡಸ್ರಿ. ಸಾಯೋದ್ರಾಗ ಒಮ್ಮಿ ನೋಡ್ತೀನಿ.”

ಒಳಗಿನಿಂದ ಚಹಾ ತಂದ ದೊಡ್ಡ ಸೊಸೆ, ಈ ಸಲ ಸಿಕ್ಕರೆ ತಿಕ್ಕುವುದಿಲ್ಲವೆಂದು ಅತ್ತೆಗೆ ಮೆಲ್ಲನೆ ಹೇಳಿದಳು. ಅತ್ತೆ ಬಹಳ ದಿನಗಳ ಮೇಲೆ ನಕ್ಕರು. ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ಮನೆ ಯಾವುದೆಂದು ನನ್ನನ್ನು ಕೇಳಿದರು. ತಮಗೆ ನಾಣ್ಯ ಕೊಟ್ಟ ಒಂದೊಂದು ಮನೆಗೂ ಹೋಗಿ, ಮಾತು ತಪ್ಪಿದ್ದನ್ನು ತಾವೇ ಹೇಳಬೇಕೆಂದು ಅವರು ಹಠ ತೊಟ್ಟಿದ್ದಾರೆ. ತಪ್ಪು ಮಾಡದವರು ಮನೆಮನೆಗೆ ಹೋಗಿ ಉತ್ತರ ಕೊಡುತ್ತಿದ್ದಾರೆ. ತೀರ್ಮಾನ ಮಾಡಿದವರು ಹೊಸ ತಗಡಿನ ಕೆಳಗೆ ಕುಳಿತಿದ್ದಾರೆ.

ಆದ್ದರಿಂದ ಸಮಿತಿಯ ಮಾನ್ಯ ಅಧ್ಯಕ್ಷರಲ್ಲಿಯೂ ಸದಸ್ಯರಲ್ಲಿಯೂ ನನ್ನ ವಿಧ್ಯುಕ್ತ ಕೋರಿಕೆ ಇದು. ನಾಣ್ಯಗಳನ್ನು ಯಾರಿಗೆ ಮಾರಿದಿರೆಂಬುದನ್ನು ಬಹಿರಂಗವಾಗಿ ತಿಳಿಸಬೇಕು. ಕರಗದೆ ಉಳಿದಿರುವವನ್ನು ಮರಳಿ ಕೊಳ್ಳಲು ಕೂಡಲೇ ಸಭೆ ಕರೆದು ನಿರ್ಣಯ ಮಾಡಬೇಕು. ಅದಕ್ಕೆ ಬೇಕಾದ ಹಣವನ್ನು ಸಾರ್ವಜನಿಕರಿಂದ ಕೂಡಿಸುವುದಾದರೆ ಮೊದಲ ವಂತಿಗೆ ನನ್ನದು, ಎರಡನೆಯದು ಸಿಂಧನೂರಿನ ಸಾಹೇಬರದೆಂದು ಅವರೇ ತಿಳಿಸಿದ್ದಾರೆ. ಕೊಳ್ಳುವಾಗ ತೂಕದ ಬೆಲೆಗಾಗಿ ಜಗ್ಗಾಡದೆ ನ್ಯಾಯದ ಬೆಲೆ ಕೊಡಬೇಕು. ಅದು ಎಷ್ಟೆಂದು ಹೇಳಲು ಅತ್ತೆ ಸಿದ್ಧರಿದ್ದಾರೆ. ಕರಗಿಹೋದ ನಾಣ್ಯಗಳನ್ನು ಕೊಟ್ಟವರ ಮನೆಗಳಿಗೆ ಸಮಿತಿಯವರೇ ಹೋಗಿ, ಕಟ್ಟೆಯ ಮೇಲೆ ಕುಳಿತು, ನಡೆದದ್ದನ್ನು ತಮ್ಮ ಬಾಯಿಂದ ಹೇಳಬೇಕು. ಮೊದಲು ಸಂತೆಕಲ್ಲೂರಿಗೆ ಹೋಗಬೇಕು. ಅವ್ವನಿಗೆ ಕಾಯುವಷ್ಟು ವಯಸ್ಸು ಉಳಿದಿಲ್ಲ.

ಇಂದೇ ಉತ್ತರಿಸಿ ಎಂದು ನಾನು ಒತ್ತಾಯಿಸುವುದಿಲ್ಲ. ಅತ್ತೆಯ ಪದ್ಧತಿಯಂತೆ ನಿಮಗೂ ಒಂದು ಸಂತೆ ಬಿಟ್ಟಿದ್ದೇನೆ. ವಿಚಾರಿಸಿ, ಮನೆಯವರೊಡನೆ ಮಾತಾಡಿ, ಮನಸ್ಸು ಬದಲಿಸಿ. ಸಂತೆ ಬಿಟ್ಟು ಬರುವಾಗ ಉತ್ತರವನ್ನು ಇದ್ದ ಹಾಗೆಯೇ ತನ್ನಿ, ದಯವಿಟ್ಟು ತೊಳೆಯಬೇಡಿ.